ಸಸ್ಯಕೋಶದಲ್ಲಿ ಪ್ರೋಟೀನ್ ಕೈನೇಸುಗಳ ವ್ಯಾಪಾರ

ಶಬ್ದಶಾಸ್ತ್ರವನ್ನು ವ್ಯಾಸಂಗಮಾಡಿದವರಿಗೆ ಆಗಮವೆಂಬ ಕಾರ್ಯವು ಹೊಸದಲ್ಲ. ‘ಮನೆ’ ಎಂಬ ಪ್ರಕೃತಿಗೆ ‘ಅನ್ನು’ ಎಂಬ ಪ್ರತ್ಯಯವು ಪರವಾದಾಗ ನಡುವೆ ಯಕಾರವೊಂದು ಬಂದು ‘ಮನೆಯನ್ನು’ ಎಂದಾಗುವುದು. ಬಂದ ವರ್ಣವು ಒಂದೇ. ಅದು ಪ್ರಕೃತಿಯನ್ನು ಕೆಡಿಸದು. ಆದರೂ ಅದಿಲ್ಲದೆ ಪದಸಿದ್ಧಿಯಾಗದು. ಸಸ್ಯಗಳ ಜೀವಕೋಶಗಳಲ್ಲಿಯೂ ಇದಕ್ಕೆ ಸದೃಶವಾದ ಕಾರ್ಯವೊಂದು ನಿರಂತರವಾಗಿ ನಡೆಯುತ್ತಿರುವುದು. ಅಲ್ಲಿ ಆಗಮವಾಗಿ ಬರತಕ್ಕುದು ಫಾಸ್ಫೇಟೆಂಬ ಕಿರಿದಾದ ಪರಮಾಣುಸಮೂಹ. ಅದನ್ನು ತಂದು ಸೇರಿಸುವ ಕಿಣ್ವಕ್ಕೆ ಪ್ರೋಟೀನ್ ಕೈನೇಸೆಂದು ಹೆಸರು. ಸಸ್ಯವು ಯಾವ ಜೀನನ್ನು ಓದಬೇಕು, ಯಾವಾಗ ಬೆಳೆಯಬೇಕು, ವೈರಸ್ಸು ಒಳಹೊಕ್ಕಾಗ ಹೇಗೆ ತಡೆಯಬೇಕು ಎಂಬಿವು ಬಹುಮಟ್ಟಿಗೆ ಈ ಕಿರಿಯ ಆಗಮವನ್ನು ಅವಲಂಬಿಸಿರುವುವು. ಅದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೈನೇಸೆಂಬ ಪದವು ಚಲನಾರ್ಥಕವಾದ ಗ್ರೀಕ್ ಧಾತುವಿನಿಂದ ಹುಟ್ಟಿದುದು. ಎ.ಟಿ.ಪಿ. ಎಂಬ ಶಕ್ತಿವಾಹಕ ದ್ರವ್ಯದ ತುದಿಯಲ್ಲಿರುವ ಫಾಸ್ಫೇಟನ್ನು ತೆಗೆದು, ಬೇರೊಂದು ಪ್ರೋಟೀನಿನ ಸೆರೀನ್, ಥ್ರಿಯೊನೀನ್ ಅಥವಾ ಟೈರೊಸೀನ್ ಎಂಬ ಅಮೈನೋ ಆಮ್ಲದ ಸ್ಥಾನದಲ್ಲಿ ಸೇರಿಸುವುದು ಇದರ ಕೆಲಸ. ಫಾಸ್ಫೇಟು ಋಣವಿದ್ಯುತ್ತುಳ್ಳದ್ದಾದುದರಿಂದ, ಅದು ಸೇರಿದೊಡನೆ ಆ ಪ್ರೋಟೀನಿನ ಆಕಾರವೂ, ಅದು ಯಾವುದರೊಡನೆ ಕೂಡುವುದೆಂಬುದೂ ವ್ಯತ್ಯಾಸಗೊಳ್ಳಬಹುದು. ಫಾಸ್ಫಟೇಸೆಂಬ ಮತ್ತೊಂದು ಕಿಣ್ವವು ಅದನ್ನು ತೆಗೆದುಹಾಕಿದರೆ ಪೂರ್ವಸ್ಥಿತಿಯು ಮರಳುವುದು. ಇಲ್ಲಿಗೆ ವ್ಯಾಕರಣದ ಉಪಮಾನವು ನಿಲ್ಲುವುದು; ಏಕೆಂದರೆ ಸಿದ್ಧವಾದ ಪದದಲ್ಲಿ ಆಗಮವು ಸ್ಥಿರವಾದುದು, ಕೋಶದಲ್ಲಿಯಾದರೋ ಅದು ಬಂದು ಹೋಗತಕ್ಕುದು. ಪ್ರೋಟೀನುಗಳು ಈ ರೀತಿಯಿಂದ ನಿಯಮಿಸಲ್ಪಡುವುವೆಂಬುದನ್ನು ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಪ್ರಾಣಿಗಳ ಸ್ನಾಯುವಿನಲ್ಲಿ ಕಂಡುಹಿಡಿದರು. ಅದಕ್ಕಾಗಿ 1992ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಸಾಸುವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಕೈನೇಸುಗಳ ಜೀನುಗಳೇ ಸುಮಾರು 1000 ಉಂಟು. ಮನುಷ್ಯನಲ್ಲಿರುವುವು ಸುಮಾರು 500 ಮಾತ್ರ. ಸ್ಥಳಬಿಟ್ಟು ಓಡಲಾರದ ಸಸ್ಯವು ನಿಂತಲ್ಲಿಯೇ ಎಲ್ಲಕ್ಕೂ ಉತ್ತರಕೊಡಬೇಕಾಗಿರುವುದನ್ನು ನೆನೆದರೆ ಈ ಬಾಹುಳ್ಯವು ಆಶ್ಚರ್ಯಕರವಲ್ಲ.

ಇನ್ನು ಜೀನುಗಳ ಪ್ರತಿಲೇಖನವನ್ನು ವಿಚಾರಿಸುವ. ಭಂಡಾರದಲ್ಲಿರುವ ಓಲೆಯ ಮೂಲಗ್ರಂಥವನ್ನು ಹೊರಗೆ ಕೊಡದೆ, ಬೇಕಾದ ಪ್ರಕರಣವನ್ನು ಮಾತ್ರ ಲಿಪಿಕಾರನಿಂದ ಪ್ರತಿಮಾಡಿಸುವಂತೆ, ಕೋಶವು ಬೇಕಾದ ಜೀನನ್ನು ಮಾತ್ರ ಆರ್.ಎನ್.ಎ. ರೂಪದಲ್ಲಿ ಪ್ರತಿಮಾಡಿಸಿಕೊಳ್ಳುವುದು. ಯಾವ ಪ್ರಕರಣವೆಂದು ಸೂಚಿಸುವ ನಿಯಾಮಕ ಪ್ರೋಟೀನುಗಳುಂಟು. ಈ ನಿಯಾಮಕಗಳಿಗೇ ಕೈನೇಸುಗಳು ಗುರುತು ಹಾಕುವುವು. ಮುಖ್ಯವಾದ ಎರಡನ್ನು ಇಲ್ಲಿ ಉದಾಹರಿಸಬಹುದು.

ಮೊದಲನೆಯದು ಟಾರ್ ಎಂಬುದು. ಎಲೆಗಳಲ್ಲಿ ಸಿದ್ಧವಾದ ಸಕ್ಕರೆಯು ಬೇರಿನ ತುದಿಗೆ ತಲಪಿದಾಗ ಇದು ಚುರುಕಾಗಿ, ಕೋಶವಿಭಜನೆಗೆ ಬೇಕಾದ ಜೀನುಗಳ ನಿಯಾಮಕವೊಂದಕ್ಕೆ ಫಾಸ್ಫೇಟನ್ನು ಸೇರಿಸುವುದೆಂದೂ, ಬೇರು ಬೆಳೆಯತೊಡಗುವುದೆಂದೂ 2013ರಲ್ಲಿ ಪ್ರಕಟವಾಯಿತು. ಎರಡನೆಯದು ಸ್ನಾರ್ಕ್-1. ಕತ್ತಲೆಯಿಂದಲೋ ನೀರು ನಿಲ್ಲುವುದರಿಂದಲೋ ಶಕ್ತಿಯು ಕುಂದಿದಾಗ ಇದು ಎಚ್ಚರುವುದು. ಇದರ ಪ್ರೇರಣೆಯಿಂದ ಸಾವಿರಕ್ಕೂ ಮಿಗಿಲಾದ ಜೀನುಗಳ ಪ್ರತಿಲೇಖನವು ಮಾರ್ಪಡುವುದೆಂದು 2007ರಲ್ಲಿ ತೋರಿಸಲ್ಪಟ್ಟಿತು: ಕಟ್ಟುವ ಕಾರ್ಯಗಳ ಜೀನುಗಳು ತಗ್ಗುವುವು, ಕೂಡಿಟ್ಟುದನ್ನು ಕರಗಿಸಿ ಶಕ್ತಿಯನ್ನು ಒದಗಿಸುವ ಜೀನುಗಳು ಏರುವುವು. ಒಂದು ಸುಭಿಕ್ಷಕಾಲದ ಅಧಿಕಾರಿ, ಇನ್ನೊಂದು ದುರ್ಭಿಕ್ಷಕಾಲದ ಅಧಿಕಾರಿ ಎಂದರೆ ಸಲ್ಲುವುದು.

ಇವುಗಳ ಮಹತ್ವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವುದು ಸಸ್ಯದ ಶತ್ರುವೇ. ಜೆಮಿನಿವೈರಸ್ಸುಗಳೆಂಬ ವರ್ಗದ ವೈರಸ್ಸುಗಳ ಡಿ.ಎನ್.ಎ. ಅತ್ಯಲ್ಪವಾದುದು; ಅವುಗಳಲ್ಲಿರುವ ಜೀನುಗಳು ಬೆರಳೆಣಿಕೆಯವು. ಪ್ರತಿಲೇಖನಕ್ಕೂ ವೃದ್ಧಿಗೂ ಅವು ಸಸ್ಯದ ಸಾಮಗ್ರಿಯನ್ನೇ ಅಪಹರಿಸಬೇಕು. ಅಂತಹ ದರಿದ್ರನಾದ ಶತ್ರುವು ತನ್ನ ಸ್ವಲ್ಪ ಆಯುಧವನ್ನು ಎಲ್ಲಿ ಪ್ರಯೋಗಿಸುವನೋ ಅಲ್ಲಿಯೇ ಕೋಟೆಯ ಮರ್ಮವಿದೆಯೆಂದು ಊಹಿಸಬಹುದು. ಅಮೆರಿಕದ ಒಹಾಯೋ ರಾಜ್ಯದ ವಿಶ್ವವಿದ್ಯಾನಿಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದುದು ಇದನ್ನೇ: ಇಂತಹ ಎರಡು ವೈರಸ್ಸುಗಳ ಎಎಲ್-2 ಮತ್ತು ಎಲ್-2 ಎಂಬ ಪ್ರೋಟೀನುಗಳು ಸ್ನಾರ್ಕ್-1ನ್ನು ಹಿಡಿದು ನಿಷ್ಕ್ರಿಯಗೊಳಿಸುವುವು. ಸ್ನಾರ್ಕ್-1ನ್ನು ಕುಗ್ಗಿಸಿದ ಗಿಡಗಳು ರೋಗಕ್ಕೆ ಸುಲಭವಾಗಿ ತುತ್ತಾದುವು. ಹೆಚ್ಚಿಸಿದ ಗಿಡಗಳು ಪ್ರತಿಭಟಿಸಿದುವು. ಸಸ್ಯವೂ ಸುಮ್ಮನಿರುವುದಿಲ್ಲ. ಎಲೆಕೋಸಿನ ಎಲೆಮುರುಟು ವೈರಸ್ಸಿನ ಎಎಲ್-2 ಪ್ರೋಟೀನಿಗೆ 109ನೆಯ ಸ್ಥಾನದ ಸೆರೀನಿನಲ್ಲಿ ಸ್ನಾರ್ಕ್-1 ಫಾಸ್ಫೇಟನ್ನು ಸೇರಿಸುವುದೆಂದೂ, ಅದರಿಂದ ರೋಗವು ತಡವಾಗುವುದೆಂದೂ 2014ರಲ್ಲಿ ತಿಳಿದುಬಂದಿತು. ಸ್ವಕೀಯ ಪ್ರೋಟೀನುಗಳಿಗೆ ಆಜ್ಞೆಯಾಗಿದ್ದ ಗುರುತೇ ಶತ್ರುವಿನ ಪ್ರೋಟೀನಿಗೆ ಸಂಕೋಲೆಯಾಯಿತು.

ಕೋಶದ ಪೊರೆಯಲ್ಲಿರುವ ನಿಕ್-1 ಎಂಬ ಕೈನೇಸಿನ ವೃತ್ತಾಂತವೂ ಇಂತಹುದೇ. ಇದನ್ನು ವಿವರಿಸಿದವರಲ್ಲಿ ಬ್ರೆಜಿಲ್ ದೇಶದ ವಿಸೋಸಾ ವಿಶ್ವವಿದ್ಯಾನಿಲಯದವರು ಪ್ರಮುಖರು. ಇದು ಎಚ್ಚತ್ತಾಗ ಪ್ರೋಟೀನುಗಳನ್ನು ಕಟ್ಟುವ ಯಂತ್ರಕ್ಕೆ ಸಂಬಂಧಿಸಿದ ಜೀನುಗಳ ಪ್ರತಿಲೇಖನವು ತಗ್ಗುವುದು. ಆಗ ವೈರಸ್ಸಿಗೂ ತನ್ನ ಪ್ರೋಟೀನುಗಳನ್ನು ಮಾಡಿಸಿಕೊಳ್ಳುವುದು ದುಸ್ತರವಾಗುವುದು. ವೈರಸ್ಸಿನ ಪ್ರೋಟೀನೊಂದು ಈ ಕೈನೇಸನ್ನು ತಡೆಯುವುದೆಂದು 2004ರಲ್ಲಿಯೇ ಪ್ರಕಟವಾಗಿದ್ದಿತು. ಆದರೆ ಯಂತ್ರವು ನಿಂತರೆ ಸಸ್ಯದ ಬೆಳವಣಿಗೆಗೂ ಬಾಧಕವಲ್ಲವೆ ಎಂಬ ಆಕ್ಷೇಪಣೆಯು ಸಹಜವಾಗಿ ಹುಟ್ಟುವುದು. ನಿಕ್-1 ಸದಾ ಎಚ್ಚತ್ತಿರುವಂತೆ ಮಾಡಿದ ಟೊಮ್ಯಾಟೊ ಗಿಡಗಳು ವೈರಸ್ಸನ್ನು ಸಹಿಸಿದುವಲ್ಲದೆ, ಗಾಜಿನ ಮನೆಯಲ್ಲಿ ಅವುಗಳ ಬೆಳವಣಿಗೆಗೆ ಹೆಚ್ಚಿನ ಹಾನಿಯಾಗಲಿಲ್ಲವೆಂದು 2015ರಲ್ಲಿ ವರದಿಯಾಯಿತು. ಬಯಲಿನ ಬಿಸಿಲು ಮಳೆಗಳ ಪರೀಕ್ಷೆಯು ಇದಕ್ಕಿಂತ ಕಠಿನವಾದುದೆಂಬುದನ್ನು ಮರೆಯಲಾಗದು.

ಈ ವಿಷಯವು ನಮಗೆ ದೂರದ್ದಲ್ಲ. ಬಿಳಿನೊಣವು ಹರಡುವ ಟೊಮ್ಯಾಟೊ ಎಲೆಮುರುಟು ರೋಗದ ಜೆಮಿನಿವೈರಸ್ಸುಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರೂ, ಇನ್ನೊಂದಕ್ಕೆ ಕರ್ನಾಟಕದ ಹೆಸರೂ ಶಾಸ್ತ್ರಗ್ರಂಥಗಳಲ್ಲಿ ಸಂದಿರುವುವು. ರೈತನು ಎಲೆಯ ಮುದುಡಿನಲ್ಲಿ ಕಾಣುವ ನಷ್ಟಕ್ಕೆ ಮೂಲವು ಕೋಶದೊಳಗಿನ ಈ ಹೋರಾಟದಲ್ಲಿದೆ. ಬೆಳವಣಿಗೆ, ಮಿತವ್ಯಯ, ರಕ್ಷಣೆ ಎಂಬ ಮೂರನ್ನೂ ಸಸ್ಯವು ಒಂದೇ ಬಗೆಯ ಗುರುತಿನಿಂದ ತೂಗಿಕೊಳ್ಳುವುದಾದುದರಿಂದ, ಒಂದನ್ನು ತಿದ್ದಹೊರಡುವವರು ಉಳಿದೆರಡನ್ನೂ ಗಮನಿಸಿಯೇ ಮುಂದುವರಿಯತಕ್ಕುದು.