ನಾಯಿಗಳಿಗೆ ಪ್ರತಿಜೈವಿಕ ಔಷಧಿ: ತೂಕ ನೋಡಿ ಕೊಡಿ, ಅವಧಿ ಮುಗಿಸಿ

ಮಂಚೇನಹಳ್ಳಿ, ಗೌರಿಬಿದನೂರು ಸುತ್ತಿನ ಊರುಗಳಲ್ಲಿ ನಾಯಿ ಸಾಕದ ತೋಟದ ಮನೆ ಅಪರೂಪ. ಮುಸುಕಿನ ಜೋಳದ ಹೊಲಕ್ಕೂ ಕುರಿ ರೊಪ್ಪಕ್ಕೂ ರಾತ್ರಿಯ ಕಾವಲು ಅದರದೇ. ಹಸುವಿಗೆ ಕಾಯಿಲೆಯಾದರೆ ಕೂಡಲೇ ಪಶುವೈದ್ಯರನ್ನು ಕರೆಸುವ ನಾವು, ನಾಯಿ ಊಟ ಬಿಟ್ಟು ಮಲಗಿದರೆ ಮನೆಯಲ್ಲಿ ಉಳಿದ ಮಾತ್ರೆಯನ್ನೇ ನುಂಗಿಸುವುದುಂಟು. ಇದು ನಾಯಿಗೂ ಮನೆಯವರಿಗೂ ಅಪಾಯಕರ.

ಯಾವ ರೋಗಕ್ಕೆ ಬೇಕು?

ಆಂಟಿಬಯಾಟಿಕ್ ಎಂದು ಕರೆಯುವ ಪ್ರತಿಜೈವಿಕ ಔಷಧಿಗಳು ಬ್ಯಾಕ್ಟೀರಿಯಾಗಳನ್ನು ಮಾತ್ರ ತಡೆಯುತ್ತವೆ. ಹುಚ್ಚುನಾಯಿ ರೋಗ, ಡಿಸ್ಟೆಂಪರ್, ಪಾರ್ವೊ ಇವು ವೈರಸ್ ರೋಗಗಳು. ಇವುಗಳಿಗೆ ಮುಂಚಿತವಾಗಿ ಹಾಕಿಸಿದ ಲಸಿಕೆಯೇ ರಕ್ಷೆ.

ನಮ್ಮ ಕಡೆ ನಾಯಿಗಳನ್ನು ಹೆಚ್ಚಾಗಿ ಕಾಡುವುದು ಉಣ್ಣೆಯಿಂದ ಹರಡುವ ಜ್ವರ. ಜ್ವರ ಬಂದು ನಾಯಿ ಸೊರಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ಎರ್ಲಿಕಿಯ ಎಂಬ ರೋಗಾಣುವಿನಿಂದ ಬಂದ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಮದ್ದು. ಉಣ್ಣೆಯೇ ಹರಡುವ ಬೇಬೀಸಿಯ ರೋಗಕ್ಕೆ ಬೇರೆ ಔಷಧಿ ಬೇಕು. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ತೂಕಕ್ಕೆ ತಕ್ಕ ಪ್ರಮಾಣ

ಮೊದಲು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ. 73 ಕಿಲೋದಲ್ಲಿ 58 ಕಳೆದರೆ ನಾಯಿಯ ತೂಕ 15 ಕಿಲೋ. ಉಣ್ಣೆ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ. ಅಂದರೆ ಈ ನಾಯಿಗೆ ದಿನಕ್ಕೆ 150 ಮಿಲಿಗ್ರಾಂ. ಮರಿಗಳಿಗೆ, ಗಬ್ಬದ ನಾಯಿಗೆ ಈ ಲೆಕ್ಕ ಸಲ್ಲದು. ಔಷಧಿ ಮತ್ತು ಪ್ರಮಾಣವನ್ನು ಪಶುವೈದ್ಯರೇ ಗೊತ್ತುಮಾಡಬೇಕು.

ಅವಧಿ ಮುಗಿಸಬೇಕು

ಈ ಚಿಕಿತ್ಸೆ 28 ದಿನಗಳದು. ಕೆಲವೇ ದಿನಗಳಲ್ಲಿ ನಾಯಿ ಮುದ್ದೆ ತಿಂದು ಬಾಲ ಆಡಿಸಲಾರಂಭಿಸಬಹುದು. ವಾಸಿಯಾಯಿತೆಂದು ಆಗಲೇ ಮಾತ್ರೆ ನಿಲ್ಲಿಸಿದರೆ ಅಳಿದುಳಿದ ರೋಗಾಣು ಮತ್ತೆ ತಲೆಯೆತ್ತುತ್ತದೆ. ಬೇಕಾಬಿಟ್ಟಿ ಬಳಸಿದ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ನಾಯಿಯಿಂದ ಮಕ್ಕಳಿಗೂ ಹರಡಬಲ್ಲವು. ಗೋಡೆಯ ಬಿರುಕುಗಳಲ್ಲಿ ಅಡಗುವ ಉಣ್ಣೆಯನ್ನೂ ಜೊತೆಯಲ್ಲೇ ನಿವಾರಿಸಬೇಕು.

ಕೊಡುವ ಕ್ರಮ

1. ಡಾಕ್ಸಿಸೈಕ್ಲಿನನ್ನು ಆಹಾರದೊಡನೆ ಕೊಟ್ಟು, ಮೇಲೆ ನೀರು ಕುಡಿಸಿ. ಒಣ ಮಾತ್ರೆ ಗಂಟಲಲ್ಲಿ ನಿಂತರೆ ಹುಣ್ಣಾಗುತ್ತದೆ.

2. ಹಾಲು, ಮೊಸರಿನೊಂದಿಗೆ ಬೇಡ. ಅವುಗಳ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಡುತ್ತದೆ. ರಾಗಿಯಲ್ಲೂ ಕ್ಯಾಲ್ಸಿಯಂ ಹೆಚ್ಚು. ಆದ್ದರಿಂದ ಮಾತ್ರೆಯನ್ನು ಮುದ್ದೆಗಿಂತ ಅನ್ನದ ಉಂಡೆಯಲ್ಲೋ ಮಾಂಸದ ತುಣುಕಿನಲ್ಲೋ ಇಟ್ಟು ಕೊಡುವುದು ಮೇಲು.

3. ದಿನವೂ ಒಂದೇ ವೇಳೆಗೆ ಕೊಡಿ. ಒಂದು ದಿನ ಮರೆತರೆ ಮರುದಿನ ಎರಡು ಪಾಲು ಕೊಡಕೂಡದು.

4. ಹಸುವಿನ ಕೆಚ್ಚಲುಬಾವಿನ ಔಷಧಿ, ಉಳಿದ ಇಂಜೆಕ್ಷನ್ ಬಳಸಬೇಡಿ. ಎನ್ರೋಫ್ಲಾಕ್ಸಾಸಿನ್ ಬೆಳೆಯುವ ಮರಿಗಳ ಕೀಲುಗಳಿಗೆ ಹಾನಿಕರ.

5. ಜ್ವರ, ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಸೇರಿಸಕೂಡದು. ಇವು ನಾಯಿಗೆ ವಿಷವಾಗಬಲ್ಲವು.

ಎಚ್ಚರಿಕೆಯ ಚಿಹ್ನೆಗಳು

ಒಂದೆರಡು ಸಲ ವಾಂತಿ, ಭೇದಿ ಆಗಬಹುದು. ಅದು ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. ಮುಖ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರಾಟ ಕಷ್ಟವಾದರೆ ಔಷಧಿ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾಗಿ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಮಾತ್ರೆ ಹಾಕಲು ಅದರ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚುನಾಯಿ ರೋಗವಿರಬಹುದು. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ 15 ನಿಮಿಷ ಸೋಪು ನೀರಿನಿಂದ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಳ್ಳಿ. ಸಾಕಿದ ನಾಯಿಗೆ ಪ್ರತಿವರ್ಷ ಈ ಲಸಿಕೆ ಹಾಕಿಸುವುದು ಯಜಮಾನನ ಕರ್ತವ್ಯ.