ಕಂಬದ ಹಿಂದೆ ಅಡಗಿದವನು ಯಾರಿಗೆ ಕಾಣುವುದಿಲ್ಲ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಮೇಜಿನಲ್ಲಿ ವಾದ ಹುಟ್ಟಿಸಲು ದೊಡ್ಡ ಡ್ರ್ಯಾಗನ್ನೇ ಬರಬೇಕೆಂದಿಲ್ಲ. ಕಾಳಗದ ನಡುವೆ ಒಬ್ಬ ಆಟಗಾರ ‘ನಾನು ಅಡಗಿಕೊಳ್ಳುತ್ತೇನೆ’ ಎಂದರೆ ಸಾಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಡಂಜನ್ ಮಾಸ್ಟರ್ ಎಂಬ ಒಬ್ಬರು ಕಲ್ಪಿತ ಲೋಕವನ್ನು ಬಣ್ಣಿಸುತ್ತಾರೆ, ರಾಕ್ಷಸರನ್ನೆಲ್ಲ ಆಡಿಸುತ್ತಾರೆ; ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ಏನಾಗುತ್ತದೋ ಎಂಬ ಅನುಮಾನವಿದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ, ಬಿದ್ದ ಅಂಕೆಗೆ ಪಾತ್ರದ ಕೌಶಲದ ಅಂಕೆ ಕೂಡುತ್ತದೆ. ಕತ್ತಿ ಬೀಸಿದರೆ ತಗುಲಿತೇ ಇಲ್ಲವೇ ಎಂಬುದಕ್ಕೆ ಈ ಲೆಕ್ಕ ಸಾಕಾಗುತ್ತದೆ. ಅಡಗುವ ವಿಷಯಕ್ಕೆ ಬಂದಾಗ ಮಾತ್ರ ಸಾಲುವುದಿಲ್ಲ. ಏಕೆಂದರೆ ಅಲ್ಲಿ ಅಳೆಯಬೇಕಾದದ್ದು ಎದುರಾಳಿಯ ಕಣ್ಣಿಗೆ ಏನು ಬಿತ್ತು, ಮನಸ್ಸಿಗೆ ಏನು ಹೊಳೆಯಿತು ಎಂಬುದನ್ನು.

ಒಂದು ಸನ್ನಿವೇಶ ನೋಡೋಣ. ಕಂಬಗಳ ಸಾಲಿರುವ ನೆಲಮಾಳಿಗೆ, ಗೋಡೆಯಲ್ಲಿ ಪಂಜುಗಳು, ಎದುರಿಗೆ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರು ನಾಲ್ಕು. ನಮ್ಮ ಕಡೆಯ ರೋಗ್, ಅಂದರೆ ಕಳ್ಳಹೆಜ್ಜೆಯಲ್ಲಿ ಪಳಗಿದ ಪಾತ್ರ, ಒಂದು ಬಾಣ ಬಿಟ್ಟು ಎಲ್ಲರ ಕಣ್ಣೆದುರೇ ಕಂಬದ ಮರೆಗೆ ಸರಿಯುತ್ತಾನೆ. ಅಲ್ಲಿ ಅಡಗಿ, ಮುಂದಿನ ಸರದಿಯಲ್ಲಿ ಮತ್ತೆ ಬಾಣ ಹೂಡುತ್ತೇನೆ ಎನ್ನುತ್ತಾನೆ. ಕಾಣದ ಕಡೆಯಿಂದ ಹೊಡೆದವನಿಗೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅನುಕೂಲ ಸಿಗುತ್ತದೆ. 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದ ಹೊಡೆತದಲ್ಲಿ ಗೆಲ್ಲುವ ಸಾಧ್ಯತೆ ಶೇ. 50ರಿಂದ 75ಕ್ಕೆ ಏರುತ್ತದೆ. ಅದರ ಮೇಲೆ ರೋಗ್‌ನ ‘ಸ್ನೀಕ್ ಅಟ್ಯಾಕ್’ ಬೇರೆ; ಮೊದಲ ಹಂತದಲ್ಲೇ ಆರು ಮುಖದ ಒಂದು ದಾಳದಷ್ಟು ಹೆಚ್ಚುವರಿ ಪೆಟ್ಟು. ತಕರಾರು ಏಳುವುದು ಇಲ್ಲೇ. ‘ಅವನು ಕಂಬದ ಹಿಂದೆ ಹೋದದ್ದನ್ನು ಗಾಬ್ಲಿನ್ ನೋಡಿದೆಯಲ್ಲ, ಇನ್ನೆಲ್ಲಿಯ ಅಡಗುವಿಕೆ?’ ಎನ್ನುತ್ತದೆ ಒಂದು ಪಕ್ಷ. ‘ನಿಯಮ ಅಡಗಬಹುದು ಎಂದಿದೆ, ದಾಳವೂ ಬಿದ್ದಿದೆ, ಇನ್ನೇನು ಮಾತು?’ ಎನ್ನುತ್ತದೆ ಇನ್ನೊಂದು.

ಆಟದ ಕರ್ತೃಗಳೂ ಅರ್ಧ ಶತಮಾನದಿಂದ ಇದರೊಂದಿಗೆ ಗುದ್ದಾಡುತ್ತಿದ್ದಾರೆ. 1978ರ ಕೈಪಿಡಿಯಲ್ಲಿ ಕಳ್ಳನ ಪಾತ್ರಕ್ಕೆ ನೆರಳಲ್ಲಿ ಅಡಗುವುದು, ಸದ್ದಿಲ್ಲದೆ ನಡೆಯುವುದು ಎಂಬ ಎರಡು ಪ್ರತ್ಯೇಕ ವಿದ್ಯೆಗಳಿದ್ದವು. ಮೊದಲ ಹಂತದ ಕಳ್ಳ ನೆರಳಲ್ಲಿ ಅಡಗಿ ಗೆಲ್ಲುವ ಸಾಧ್ಯತೆ ಬರೀ ಶೇ. 10. ಎದುರಿಗಿರುವವನು ಕುರುಡನೋ ಹದ್ದಿನ ಕಣ್ಣಿನವನೋ, ಆ ಅಂಕೆ ಅದನ್ನು ಕೇಳುತ್ತಿರಲಿಲ್ಲ. 2000ದ ಮೂರನೇ ಆವೃತ್ತಿ ಅಡಗುವವನ ದಾಳವನ್ನು ಹುಡುಕುವವನ ದಾಳದ ಎದುರಿಗೆ ನಿಲ್ಲಿಸಿತು. 2014ರ ಐದನೇ ಆವೃತ್ತಿ ಅಡಗಲು ಸಂದರ್ಭ ತಕ್ಕದ್ದೇ ಎಂಬ ತೀರ್ಮಾನವನ್ನು ಡಂಜನ್ ಮಾಸ್ಟರ್‌ಗೇ ಬಿಟ್ಟಿತು. 2024ರ ಕೈಪಿಡಿ ಮತ್ತೆ ಲೆಕ್ಕ ಬಿಗಿಗೊಳಿಸಿತು: ಶತ್ರುವಿನ ದೃಷ್ಟಿಗೆ ಬೀಳದಂತೆ ಗಾಢ ಕತ್ತಲೆಯಲ್ಲೋ ಮುಕ್ಕಾಲಾದರೂ ಮರೆಯಲ್ಲೋ ಇರಬೇಕು, ಸ್ಟೆಲ್ತ್, ಅಂದರೆ ಅಡಗುವ ಕೌಶಲದ ದಾಳದ ಮೊತ್ತ ಕನಿಷ್ಠ 15 ಆಗಬೇಕು, ಗೆದ್ದರೆ ‘ಇನ್‌ವಿಸಿಬಲ್’ (ಅದೃಶ್ಯ) ಎಂಬ ಸ್ಥಿತಿ ದಕ್ಕುತ್ತದೆ. ಪಿಸುಮಾತಿಗಿಂತ ಜೋರಾದ ಸದ್ದು ಮಾಡಿದರೆ, ಆಕ್ರಮಣದ ದಾಳ ಉರುಳಿಸಿದರೆ, ಮಂತ್ರ ಉಚ್ಚರಿಸಿದರೆ, ಶತ್ರು ಪತ್ತೆಹಚ್ಚಿದರೆ ಅದು ಹೋಗುತ್ತದೆ.

ಇಷ್ಟು ತಿದ್ದಿದರೂ ಗೊಂದಲ ಉಳಿದಿರುವುದಕ್ಕೆ ಕಾರಣ, ಎರಡು ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದುಕೊಂಡಿರುವುದು. ಶತ್ರುವಿಗೆ ನಾನು ಕಾಣುತ್ತಿದ್ದೇನೆಯೇ ಎಂಬುದು ಒಂದು. ನಾನೆಲ್ಲಿದ್ದೇನೆಂದು ಅವನಿಗೆ ಗೊತ್ತೇ ಎಂಬುದು ಇನ್ನೊಂದು. ಕಣ್ಣಾಮುಚ್ಚಾಲೆಯಲ್ಲಿ ಗೆಳೆಯ ಬಾಗಿಲ ಹಿಂದಿದ್ದಾನೆಂದು ಗೊತ್ತಿದ್ದರೂ ಅವನು ಯಾವ ಗಳಿಗೆಯಲ್ಲಿ, ಯಾವ ಬದಿಯಿಂದ ಹೊರಗೆ ಹಾರುತ್ತಾನೆಂದು ಗೊತ್ತಾಗುವುದಿಲ್ಲ. ಗಾಬ್ಲಿನ್‌ನ ಪಾಡೂ ಅಷ್ಟೇ. ನಿಯಮ ಕೊಡುವ ಅನುಕೂಲ ಕಾಣದಿರುವುದಕ್ಕೆ ಸಂದ ಫಲ. ಹಾಗಾಗಿ ಕಣ್ಣಿನ ಪ್ರಶ್ನೆಗೆ ದಾಳ ಉತ್ತರಿಸಲಿ. ತಿಳಿವಳಿಕೆಯ ಪ್ರಶ್ನೆಗೆ ಶತ್ರುವಿನ ನಡೆ ಉತ್ತರಿಸಲಿ. ಗಾಬ್ಲಿನ್‌ಗೆ ಆ ಕಂಬದ ಮೇಲೆ ಗುಮಾನಿ ಇದ್ದರೆ ಅದು ಕಂಬ ಸುತ್ತಿ ಬರಬಹುದು. ತನ್ನ ಸರದಿಯಲ್ಲಿ ಬಿಲ್ಲು ಹೂಡಿ, ಅವನು ತಲೆ ಹೊರಹಾಕಿದ ಕೂಡಲೇ ಬಿಡುತ್ತೇನೆಂದು ಕಾಯಬಹುದು. ನಿಯಮದಲ್ಲಿ ಅದಕ್ಕೂ ದಾರಿಯಿದೆ. ಅಡಗುವುದನ್ನೇ ನಿಷೇಧಿಸುವ ಬದಲು ಶತ್ರುವನ್ನು ಬುದ್ಧಿವಂತನನ್ನಾಗಿ ಆಡಿಸಿದರೆ ರೋಗ್ ತಾನಾಗಿಯೇ ಕಂಬ ಬದಲಿಸುತ್ತಾನೆ, ಕಾಳಗಕ್ಕೂ ಜೀವ ಬರುತ್ತದೆ.

ಇದೇ ಓದು 2024ರ ನಿಯಮದ ದೊಡ್ಡ ತೊಡಕನ್ನೂ ಬಿಡಿಸುತ್ತದೆ. ಮರೆಯಿಂದ ಹೊರಬಂದರೆ ಅಡಗುವಿಕೆ ಮುಗಿಯಿತು ಎಂದು ಆ ಪಟ್ಟಿಯಲ್ಲಿ ಬರೆದಿಲ್ಲ. ಹಾಗಾದರೆ ರೋಗ್ ಪಂಜಿನ ಬೆಳಕಲ್ಲಿ, ಬಯಲು ನೆಲದ ಮೇಲೆ, ನಾಲ್ಕು ಗಾಬ್ಲಿನ್‌ಗಳ ಮೂಗಿನಡಿ ನಡೆದುಹೋದರೂ ಯಾರಿಗೂ ಕಾಣನೇ? ಅಕ್ಷರ ಹಿಡಿದು ವಾದಿಸುವವರು ಹೌದೆನ್ನಬಹುದು. ಆದರೆ ಅದೇ ಪುಸ್ತಕದ ಇನ್‌ವಿಸಿಬಲ್ ಸ್ಥಿತಿಯ ವಿವರಣೆ ಮುಖ್ಯವಾದ ಒಂದು ಮಾತು ಸೇರಿಸಿದೆ: ಯಾವುದಾದರೂ ಜೀವಿಗೆ ನೀವು ಹೇಗೋ ಕಾಣುತ್ತಿದ್ದರೆ, ಆ ಜೀವಿಯ ಎದುರು ನಿಮಗೆ ಆಕ್ರಮಣದ ಅನುಕೂಲ ಸಿಗದು. ಅಂದರೆ ಅಡಗಿದವನು ಮೈಮೇಲೆ ಮಾಯದ ಕಂಬಳಿ ಹೊದ್ದಿಲ್ಲ. ಒಬ್ಬೊಬ್ಬ ಎದುರಾಳಿಯ ಮಟ್ಟಿಗೆ ಒಂದೊಂದು ಸ್ಥಿತಿಯಲ್ಲಿದ್ದಾನೆ. ಎಡಗಡೆಯ ಗಾಬ್ಲಿನ್‌ಗೆ ಅವನು ಎದುರಿಗೇ ನಿಂತಿರಬಹುದು, ಬಲಗಡೆಯದಕ್ಕೆ ಇನ್ನೂ ಕಂಬದ ಮರೆಯಲ್ಲೇ ಇರಬಹುದು. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಇದನ್ನು ನೇರವಾಗಿಯೇ ನಿಯಮವಾಗಿಸಿದೆ. ಕಣ್ಣಿಗೆ ಬಿದ್ದವನು, ಜಾಗ ಗೊತ್ತಿದ್ದೂ ಕಾಣದವನು, ಜಾಗವೂ ಗೊತ್ತಿಲ್ಲದವನು, ಇದ್ದಾನೆಂಬ ಸುಳಿವೇ ಇಲ್ಲದವನು ಎಂದು ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ನಮ್ಮ ರೋಗ್ ನಿಂತಿರುವುದು ಎರಡನೆಯದರ ಮೇಲೆ.

ಇದಕ್ಕೆ ಆಕ್ಷೇಪಗಳಿವೆ. ಕಾಣುತ್ತದೆಯೇ ಇಲ್ಲವೇ ಎಂದು ಡಂಜನ್ ಮಾಸ್ಟರ್ ಹೇಳುವುದಾದರೆ ಆಟಗಾರನ ಗತಿ ಅವರ ಮರ್ಜಿಗೆ ಸಿಕ್ಕಿಬೀಳುವುದಿಲ್ಲವೇ ಎಂಬುದು ಮೊದಲನೆಯದು. ಭಯ ನ್ಯಾಯವಾದದ್ದೇ; ರೋಗ್‌ನ ಕಸುಬೇ ಇದು. ಆದರೆ ಪಂಜು ಎಲ್ಲಿದೆ, ಕಂಬ ಎಷ್ಟು ದಪ್ಪ, ಗಾಬ್ಲಿನ್ ಯಾವ ಕಡೆ ತಿರುಗಿದೆ ಎಂಬುದನ್ನೆಲ್ಲ ಹೇಳುವವರು ಹೇಗೂ ಅವರೇ. ಎಷ್ಟು ಬಿಗಿಯಾದ ನಿಯಮವೂ ಆ ವಿವರಗಳ ಮೇಲೆಯೇ ನಿಲ್ಲಬೇಕು. ಮರ್ಜಿಗೆ ಕಡಿವಾಣ ಹಾಕುವುದು ಸಮಾನತೆ. 2014ರ ಕೈಪಿಡಿಯ ಗಾಬ್ಲಿನ್‌ಗೆ ಪ್ರತಿ ಸರದಿಯಲ್ಲೂ ಹೆಚ್ಚುವರಿಯಾಗಿ ಅಡಗಿಕೊಳ್ಳುವ ಸಾಮರ್ಥ್ಯವಿದೆ, ಸ್ಟೆಲ್ತ್‌ನಲ್ಲಿ 6 ಅಂಕಗಳ ಬಲವಿದೆ. ರೋಗ್‌ಗೆ ಇಲ್ಲ ಎಂದ ಕಂಬವನ್ನು ಗಾಬ್ಲಿನ್‌ಗೆ ಕೊಡುವಂತಿಲ್ಲ ಎಂದು ಒಪ್ಪಿಕೊಂಡರೆ ತೀರ್ಪು ತಂತಾನೇ ಹದಕ್ಕೆ ಬರುತ್ತದೆ.

ಎರಡನೆಯ ಆಕ್ಷೇಪ, ಹೀಗೆ ಪ್ರತಿ ಸರದಿಯಲ್ಲೂ ಅಡಗಲು ಬಿಟ್ಟರೆ ರೋಗ್‌ನ ಕೈ ವಿಪರೀತ ಮೇಲಾಗುತ್ತದೆ ಎಂಬುದು. ಅಂಕೆಗಳು ಹಾಗೆ ಹೇಳುವುದಿಲ್ಲ. ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ದಾಳದ ಸರಾಸರಿ ಮೂರೂವರೆ. ಅದನ್ನು ಪಡೆಯಲು ಅಡಗಲೇಬೇಕೆಂದೂ ಇಲ್ಲ, ಗುರಿಯಿಂದ ಐದು ಅಡಿಯೊಳಗೆ ಜೊತೆಗಾರ ಯೋಧನಿದ್ದರೂ ಸಾಕು. ಅಡಗುವುದೂ ಖಚಿತವಲ್ಲ. 7 ಅಂಕಗಳ ಬಲವಿರುವ ನುರಿತ ರೋಗ್‌ಗೂ 15ನ್ನು ಮುಟ್ಟಲು ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು, ಇಪ್ಪತ್ತರಲ್ಲಿ ಹದಿಮೂರು ಮುಖಗಳಷ್ಟೇ ಅವನ ಪರ. ಹೊಡೆದ ಮೇಲಂತೂ, ಬಾಣ ತಗುಲಲಿ ಬಿಡಲಿ, ಅವನ ಗುಟ್ಟು ರಟ್ಟಾಗುತ್ತದೆ.

ಕಾಳಗದಲ್ಲಿ ಎಲ್ಲರೂ ಎಚ್ಚರವಾಗಿರುವಾಗ ಬಯಲಲ್ಲಿ ನುಸುಳುವುದು ನಂಬುವಂತಹದ್ದಲ್ಲ ಎಂಬ ಮೂರನೇ ಮಾತನ್ನು ಒಪ್ಪಲೇಬೇಕು. 2014ರ ಪುಸ್ತಕವೂ ಮರೆ ಬಿಟ್ಟು ಹತ್ತಿರ ಬಂದವನು ಸಾಮಾನ್ಯವಾಗಿ ಕಾಣುತ್ತಾನೆ ಎನ್ನುತ್ತದೆ, ಶತ್ರುವಿನ ಗಮನ ಬೇರೆಡೆ ಇದ್ದರೆ ಮಾತ್ರ ಡಂಜನ್ ಮಾಸ್ಟರ್ ವಿನಾಯಿತಿ ಕೊಡಬಹುದು. ಕಂಬದ ಅಂಚಿನಿಂದ ಇಣುಕಿ ಬಾಣ ಬಿಡುವುದಕ್ಕೂ ಮೂವತ್ತು ಅಡಿ ಬೆಳಕಲ್ಲಿ ಓಡಿ ಬಂದು ಇರಿಯುವುದಕ್ಕೂ ಇರುವ ವ್ಯತ್ಯಾಸ ಇದೇ. ಆದ್ದರಿಂದ ಮೇಜಿನಲ್ಲಿ ಪಾಲಿಸಬೇಕಾದ ಶಿಸ್ತು ಸರಳ: ದಾಳ ಉರುಳುವ ಮುನ್ನವೇ, ಈ ಕಂಬದಿಂದ ಯಾರ ಕಣ್ಣಿಗೆ ಮರೆಯಾಗಬಹುದು, ಯಾವ ಹೆಜ್ಜೆ ಇಟ್ಟರೆ ಸಿಕ್ಕಿಬೀಳುತ್ತಾನೆ ಎಂದು ಡಂಜನ್ ಮಾಸ್ಟರ್ ಬಾಯಿಬಿಟ್ಟು ಹೇಳಿಬಿಡಬೇಕು. ದಾಳ ಬಿದ್ದ ಮೇಲೆ ಕೊಟ್ಟ ತೀರ್ಪು ಎಷ್ಟೇ ಸರಿಯಿದ್ದರೂ ಸೋತವನಿಗೆ ಮೋಸವಾಗಿಯೇ ಕಾಣುತ್ತದೆ. ಮೊದಲೇ ತಿಳಿದಿದ್ದರೆ ಅದೇ ತೀರ್ಪು ಅವನ ಮುಂದಿನ ಉಪಾಯಕ್ಕೆ ಬಂಡವಾಳವಾಗುತ್ತದೆ.