ಜಗ್ಗಿದರೆ ಬಿರಿಯುವ ಮಣ್ಣು

ಏಪ್ರಿಲ್ ಬಿಸಿಲಲ್ಲಿ ಗದಗ ಸೀಮೆಯ ಎರೆಹೊಲಕ್ಕೆ ಇಳಿದರೆ ಅಂಗೈ ತೂರುವಷ್ಟು ಅಗಲದ ಬಿರುಕುಗಳು ಕಾಣುತ್ತವೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮಣ್ಣು ಒಣಗುತ್ತ ಕುಗ್ಗುತ್ತದೆ. ಸುತ್ತಲಿನ ಮಣ್ಣು, ಕೆಳಗಿನ ಪದರ ಅದನ್ನು ಕುಗ್ಗಲು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಸೋತ ಕಡೆ ಬಿರುಕು. ಟ್ರ್ಯಾಕ್ಟರ್ ಭಾರ ತಾಳುವ ನೆಲವೇ ಎಳೆತಕ್ಕೆ ಇಷ್ಟು ಬೇಗ ಸೋಲುತ್ತದೆ.

ಎಷ್ಟು ಎಳೆತಕ್ಕೆ ಎಂದು ಅಳೆಯುವುದು ಸುಲಭವಲ್ಲ. ಕಬ್ಬಿಣದ ಸರಳಾದರೆ ಎರಡು ತುದಿ ಹಿಡಿದು ಎಳೆಯಬಹುದು. ಮಣ್ಣಿನ ಹೆಂಟೆಯನ್ನೋ ಮೆದುಗಲ್ಲನ್ನೋ ಯಂತ್ರ ಕಚ್ಚಿ ಹಿಡಿದರೆ ಹಿಡಿದಲ್ಲೇ ಪುಡಿಯಾಗುತ್ತದೆ.

ದಾರಿ ಸಿಕ್ಕಿದ್ದು 1943ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ. ಹೊಸ ರಸ್ತೆಗೆ ಅಡ್ಡವಾಗಿದ್ದ ಹಳೆಯ ಚರ್ಚನ್ನು ಕಾಂಕ್ರೀಟ್ ಉರುಳೆಗಳ ಮೇಲೆ ಸರಿಸುವ ಯೋಚನೆ ನಡೆದಿತ್ತು. ಉರುಳೆ ಭಾರ ತಾಳುತ್ತದೆಯೇ ಎಂದು ನೋಡಲು ಎಂಜಿನಿಯರ್ ಫರ್ನಾಂಡೊ ಕಾರ್ನೇರೊ ಅದನ್ನು ಮಲಗಿಸಿ ಮೇಲಿನಿಂದ ಒತ್ತಿಸಿದರು. ಅದು ಜಜ್ಜಿಹೋಗಲಿಲ್ಲ, ಸೌದೆಯಂತೆ ನಡುವೆ ನೆಟ್ಟಗೆ ಸೀಳಿತು! ಮೇಲಿನ ಒತ್ತಡ ಒಳಗೆ ಅಡ್ಡ ಎಳೆತವಾಗಿ ಕೆಲಸ ಮಾಡಿತ್ತು. ಚರ್ಚ್ ಉಳಿಯಲಿಲ್ಲ, ‘ಬ್ರೆಜಿಲಿಯನ್ ಪರೀಕ್ಷೆ’ ಉಳಿಯಿತು.

ಇಂದು ಪ್ರಯೋಗಾಲಯದಲ್ಲಿ ಕಲ್ಲನ್ನು ಬಿಲ್ಲೆಯಾಗಿ ಕತ್ತರಿಸಿ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಸೀಳಿದಾಗಿನ ಭಾರವನ್ನು ಇಮ್ಮಡಿಸಿ, ಅದನ್ನು ಪೈ, ವ್ಯಾಸ, ದಪ್ಪಗಳ ಗುಣಲಬ್ಧದಿಂದ ಭಾಗಿಸುತ್ತಾರೆ. 54 ಮಿ.ಮೀ. ವ್ಯಾಸದ, 27 ಮಿ.ಮೀ. ದಪ್ಪದ ಬಿಲ್ಲೆ ಸುಮಾರು 230 ಕೆ.ಜಿ. ಭಾರಕ್ಕೆ ಸೀಳಿದರೆ ಅದರ ಎಳೆತದ ಬಲ 1 ಮೆಗಾಪ್ಯಾಸ್ಕಲ್. ಆದರೆ ಬಿರುಕು ನಡುವಿನಿಂದಲೇ ಹುಟ್ಟಬೇಕು. ಅಂಚು ಮೊದಲು ಪುಡಿಯಾದರೆ ಆ ಲೆಕ್ಕ ನಂಬುವಂತಿಲ್ಲ.

ಹಸಿ ಜೇಡಿಗೆ ಈ ಉಪಾಯವೂ ನಡೆಯದು. ಅದು ಸೀಳುವ ಮೊದಲೇ ರೊಟ್ಟಿಯ ಹಿಟ್ಟಿನಂತೆ ಚಪ್ಪಟೆಯಾಗುತ್ತದೆ. ಹಾಗಾಗಿ ಸೊಂಟ ಸಣ್ಣಗಿರುವ, ಇಂಗ್ಲಿಷಿನ ಎಂಟರ ಅಂಕಿಯಂಥ ಅಚ್ಚಿನಲ್ಲಿ ಮಣ್ಣು ತುಂಬಿ, ಎರಡು ಹೊಟ್ಟೆಗಳನ್ನು ಹಿಡಿದು ನಿಧಾನವಾಗಿ ಎಳೆಯುತ್ತಾರೆ. ಮಣ್ಣಿನಲ್ಲಿ ಎಷ್ಟು ತೇವವಿತ್ತೆಂದು ಬರೆಯದಿದ್ದರೆ ಬಂದ ಅಂಕಿಗೆ ಅರ್ಥವಿಲ್ಲ. ಮಕ್ಕಳು ಕಟ್ಟುವ ಮರಳಗುಡಿಯನ್ನು ಹಿಡಿದಿಡುವುದು ಕಣಗಳ ನಡುವಿನ ನೀರಿನ ತೆಳುಪೊರೆ. ಪೂರ್ತಿ ಒಣಗಿದರೂ ಪೂರ್ತಿ ನೆನೆದರೂ ಅದು ಕುಸಿಯುತ್ತದೆ. ಎರೆಮಣ್ಣು ಹಾಗಲ್ಲ, ಒಣಗಿದಷ್ಟೂ ಗಟ್ಟಿ.

ಇಷ್ಟು ಚಿಕ್ಕ ಬಲಕ್ಕೆ ಇಷ್ಟೊಂದು ಪಾಡೇಕೆ? ಅಮೆರಿಕದ ಐಡಾಹೊದಲ್ಲಿ ಟೀಟನ್ ಎಂಬ ಮಣ್ಣಿನ ಅಣೆಕಟ್ಟು ಮೊದಲ ಬಾರಿ ತುಂಬುತ್ತಿದ್ದಾಗಲೇ, 1976ರ ಜೂನ್ 5ರಂದು ಒಡೆದು 11 ಮಂದಿ ಸತ್ತರು. ಅದರ ಒಡಲಿಗೆ ತುಂಬಿದ್ದು ಗಾಳಿ ತಂದ ನುಣುಪು ಹೂಳುಮಣ್ಣು. ನೀರಿನ ಒತ್ತಡವೇ ಆ ಮಣ್ಣನ್ನು ಒಳಗಿನಿಂದ ಸೀಳಿರಬಹುದು ಎಂಬುದು ತನಿಖೆ ಮುಂದಿಟ್ಟ ಕಾರಣಗಳಲ್ಲೊಂದು.